ಲಾಗ್‌ನಲ್ಲಿ ಎರರ್ ಇದೆ, ಅಲರ್ಟ್ ಬಂದಿಲ್ಲ: ರಿಯಲ್‌ಟೈಮ್ ಮಿತಿಗಳನ್ನು ಪತ್ತೆ ಹಚ್ಚುವ ಕ್ರಮ

ಸರ್ವೀಸ್ ಬಿದ್ದಿದೆ. ಲಾಗ್ ತೆಗೆದು ನೋಡಿದರೆ ಎರರ್ ಸಾಲು ಸಾಲಾಗಿ ಕಾಣುತ್ತದೆ. ಸರ್ಚ್ ಹಾಕಿದರೂ ಸಿಗುತ್ತದೆ. ಅಲರ್ಟ್ ರೂಲ್ ಆನ್ ಆಗಿಯೇ ಇದೆ. ಆದರೆ ಬೇಕಾದ ಹೊತ್ತಿನಲ್ಲಿ ಯಾರಿಗೂ ಮೆಸೇಜ್ ಹೋಗಿಲ್ಲ. ಇಲ್ಲವೇ ಅರ್ಧ ಗಂಟೆ ತಡವಾಗಿ ಹೋಗಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈ ಮೊದಲು ಹೋಗುವುದು ಕ್ವೆರಿಗೆ, ಅಂದರೆ ಅಲರ್ಟ್ ಏನು ಹುಡುಕಬೇಕು ಅಂತ ಬರೆದ ಸಾಲಿಗೆ. ಅದನ್ನೇ ಮತ್ತೆ ಮತ್ತೆ ತಿದ್ದುತ್ತಾರೆ. ಆದರೆ ಅದೇ ಕ್ವೆರಿ ಕೈಯಾರೆ ಓಡಿಸಿದಾಗ ಫಲಿತಾಂಶ ಕೊಡುತ್ತಿದ್ದರೆ ತಪ್ಪು ಅಲ್ಲಿರುವ ಸಾಧ್ಯತೆ ಕಡಿಮೆ. ಜಾಸ್ತಿ ಸಲ ಎಲ್ಲೋ ಒಂದು ಮಿತಿ ತುಂಬಿರುತ್ತದೆ. ಮಿತಿ ತುಂಬಿತು ಅಂತ ಸಾಫ್ಟ್‌ವೇರ್ ಕೂಗಿ ಹೇಳುವುದಿಲ್ಲ. ತನ್ನದೇ ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತದೆ. ಕೆಲವು ಕಡೆ ಆ ಒಂದು ಸಾಲೂ ಇರುವುದಿಲ್ಲ.

ಇಲ್ಲಿ ಉದಾಹರಣೆಗಳು ಹೆಚ್ಚಾಗಿ ಲಾಗ್ ಕೂಡಿಟ್ಟು ಹುಡುಕುವ ಸಾಫ್ಟ್‌ವೇರ್ ಸ್ಪ್ಲಂಕ್‌ನವು. ನಿಜವಾದ ರಿಯಲ್‌ಟೈಮ್ ಸರ್ಚ್ (ಸಾಲು ಬರುತ್ತಿದ್ದ ಹಾಗೇ ನೋಡುವ ಹುಡುಕಾಟ) ಅದರಲ್ಲಿದೆ, ಮಿತಿಗಳಿಗೆ ಸ್ಪಷ್ಟವಾದ ಅಂಕಿಗಳೂ ಇವೆ. ಕಿಬಾನಾ, ಎಲಾಸ್ಟ್‌ಅಲರ್ಟ್, ಅಲರ್ಟ್‌ಮ್ಯಾನೇಜರ್‌ನಂಥ ಬೇರೆ ಅಲರ್ಟ್ ಸಾಫ್ಟ್‌ವೇರ್ ಬಳಸುವವರಿಗೂ ಹುಡುಕುವ ದಾರಿ ಇದೇ. ಅಂಕಿಗಳೆಲ್ಲ ಡೀಫಾಲ್ಟ್, ಅಂದರೆ ಸಾಫ್ಟ್‌ವೇರ್‌ನಲ್ಲಿ ಮೊದಲೇ ಇಟ್ಟಿರುವವು. ನಿಮ್ಮಲ್ಲಿ ಯಾರಾದರೂ ಬದಲಾಯಿಸಿರಬಹುದು, ಆದ್ದರಿಂದ ನಿಮ್ಮ ಕಾನ್ಫಿಗರೇಷನ್ ಒಮ್ಮೆ ತೆರೆದು ನೋಡಿಕೊಳ್ಳಿ.

ಮೊದಲು ನಾಲ್ಕು ಸಮಯ ಬರೆದುಕೊಳ್ಳಿ

ಅಲರ್ಟ್ ಬರಬೇಕಿದ್ದ ಒಂದೇ ಒಂದು ಲಾಗ್ ಸಾಲನ್ನು ಆರಿಸಿಕೊಳ್ಳಿ. ಹತ್ತು ಬೇಡ, ಒಂದು ಸಾಕು. ಅದಕ್ಕೆ ನಾಲ್ಕು ಸಮಯ ಹುಡುಕಿ (ಇಂಡೆಕ್ಸ್ ಅಂದರೆ ಹುಡುಕಲು ಲಾಗ್ ಕೂಡಿಡುವ ಜಾಗ, ಟ್ರಿಗರ್ ಅಂದರೆ ಅಲರ್ಟ್‌ನ ಷರತ್ತು ಈಡೇರುವುದು):

ಘಟನೆ ನಡೆದದ್ದು: 10:14:07
ಇಂಡೆಕ್ಸ್‌ಗೆ ಸೇರಿದ್ದು: 10:21:52
ಅಲರ್ಟ್ ಟ್ರಿಗರ್ ಆದದ್ದು: ಇಲ್ಲ
ಮೆಸೇಜ್ ತಲುಪಿದ್ದು: ಇಲ್ಲ

ಇದನ್ನು ನೋಡಿದ ಕೂಡಲೇ ಅರ್ಧ ಕೆಲಸ ಮುಗಿಯಿತು. ಸಾಲು ಇಂಡೆಕ್ಸ್‌ಗೆ ಬಂದದ್ದೇ 7 ನಿಮಿಷ 45 ಸೆಕೆಂಡ್ ತಡವಾಗಿ. ಅಲರ್ಟ್ ಕಣ್ಣಿಟ್ಟಿರುವುದು ಹಿಂದಿನ 5 ನಿಮಿಷದ ಮೇಲೆ ಅಂದುಕೊಳ್ಳಿ. ಸಾಲು ಬರುವ ಹೊತ್ತಿಗೆ ಅದರ ಸಮಯ ಆ 5 ನಿಮಿಷದಿಂದ ಆಚೆ ಹೋಗಿ ಆಗಿತ್ತು. ಸರ್ಚ್ ಓಡಿದೆ, ಏನೂ ಸಿಕ್ಕಿಲ್ಲ, ಅದು ಹೇಳಿದ್ದೂ ಸರಿಯೇ. ಈಗ ನೀವು ಹುಡುಕಿದರೆ ಸಿಗುತ್ತದೆ, ಯಾಕೆಂದರೆ ಈಗ ಸಾಲು ಬಂದು ಕೂತಿದೆ.

ಎರಡನೇ ಸಮಯ 10:14:09 ಆಗಿದ್ದು, ಮೂರನೆಯದು ಖಾಲಿ ಇದ್ದರೆ ತೊಂದರೆ ಸರ್ಚ್ ಎಂಜಿನ್‌ನಲ್ಲಿ. ಮೂರನೆಯದೂ 10:14:31 ಎಂದಿದ್ದು, ಮೆಸೇಜ್ ಮಾತ್ರ 10:36ಕ್ಕೆ ಬಂದಿದ್ದರೆ ತೊಂದರೆ ಕಳಿಸುವ ಕಡೆ. ಹೀಗೆ ಯಾವ ಎರಡು ಸಮಯಗಳ ನಡುವೆ ಅಂತರ ದೊಡ್ಡದೋ ಅಲ್ಲಿಗೆ ಹೋಗಿ ನೋಡಿ. ಉಳಿದದ್ದನ್ನು ಸದ್ಯಕ್ಕೆ ಮುಟ್ಟಬೇಡಿ.

ಸ್ಪ್ಲಂಕ್‌ನಲ್ಲಿ ಇಂಡೆಕ್ಸ್‌ಗೆ ಸೇರಿದ ಸಮಯ ಇಂಡೆಕ್ಸ್‌ಟೈಮ್ ಎಂಬ ಫೀಲ್ಡ್‌ನಲ್ಲಿ ಇರುತ್ತದೆ. ಅದು ಸಾಮಾನ್ಯವಾಗಿ ಪರದೆಯ ಮೇಲೆ ಕಾಣುವುದಿಲ್ಲ, ಇವ್ಯಾಲ್ ಕಮಾಂಡ್ ಹಾಕಿ ಬೇರೆ ಹೆಸರಿನ ಫೀಲ್ಡ್‌ಗೆ ಇಳಿಸಿಕೊಂಡರೆ ಕಾಣುತ್ತದೆ. ಅದರಿಂದ ಘಟನೆಯ ಸಮಯ ಕಳೆದರೆ ತಡ ಎಷ್ಟು ಅಂತ ಸಿಗುತ್ತದೆ. ಕಿಬಾನಾದ ಹಿಂದಿರುವ ಎಲಾಸ್ಟಿಕ್‌ಸರ್ಚ್‌ನಲ್ಲಿ ಬಂದು ಸೇರಿದ ಸಮಯ ಬೇಕಿದ್ದರೆ ಇಂಜೆಸ್ಟ್ ಪೈಪ್‌ಲೈನ್‌ನಲ್ಲಿ (ಸಾಲು ಸೇರುವ ಮೊದಲು ದಾಟುವ ಹಂತ) ನೀವೇ ಒಂದು ಫೀಲ್ಡ್ ಸೇರಿಸಿರಬೇಕು. ಸೇರಿಸಿಲ್ಲ ಅಂದರೆ ಇವತ್ತೇ ಸೇರಿಸಿ. ಅದಿಲ್ಲದೆ ತಡ ಎಲ್ಲಾಯಿತು ಅಂತ ಊಹೆ ಮಾಡುತ್ತಾ ಕೂರಬೇಕಾಗುತ್ತದೆ.

ತಡದ ಲೆಕ್ಕ ಮೈನಸ್‌ನಲ್ಲಿ ಬಂದರೆ? ಅಂದರೆ ಘಟನೆ ನಡೆಯುವ ಮೊದಲೇ ಸಾಲು ಬಂದಿದೆ! ಹಾಗಿದ್ದರೆ ಗಡಿಯಾರ ತಪ್ಪಿದೆ. ವ್ಯತ್ಯಾಸ ಸರಿಯಾಗಿ ಗಂಟೆ ಅಥವಾ ಅರ್ಧ ಗಂಟೆಯ ಲೆಕ್ಕದಲ್ಲಿದ್ದರೆ ಟೈಮ್‌ಝೋನ್ ಎಡವಟ್ಟು. ಕೆಲವು ಸೆಕೆಂಡು, ನಿಮಿಷಗಳ ಅಡ್ಡಾದಿಡ್ಡಿ ವ್ಯತ್ಯಾಸ ಇದ್ದರೆ ಆ ಸರ್ವರ್‌ನಲ್ಲಿ ಗಡಿಯಾರ ಹೊಂದಿಸುವ ಎನ್‌ಟಿಪಿ ಕೆಲಸ ಮಾಡುತ್ತಿಲ್ಲ. ಎರಡರಲ್ಲೂ ಸಾಲು ಅಲರ್ಟ್‌ನ ಸಮಯದ ಮಿತಿಯಿಂದ ಹೊರಗೆ ಬಿದ್ದು ಕಣ್ತಪ್ಪುತ್ತದೆ.

ಲಾಗೇ ತಡವಾಗಿ ಬರುತ್ತಿದ್ದರೆ

ಸರ್ವರ್‌ನಿಂದ ಲಾಗ್ ಕಳಿಸುವ ಸ್ಪ್ಲಂಕ್ ಯೂನಿವರ್ಸಲ್ ಫಾರ್ವರ್ಡರ್‌ಗೆ ಸೆಕೆಂಡಿಗೆ 256 ಕಿಲೋಬೈಟ್ ಎಂಬ ಮಿತಿ ಮೊದಲೇ ಹಾಕಿರುತ್ತಾರೆ. ಇದು ಲಿಮಿಟ್ಸ್ ಕಾನ್ಫ್ ಫೈಲಿನ ಥ್ರೂಪುಟ್ ಭಾಗದಲ್ಲಿದೆ. ಲೆಕ್ಕ ಹಾಕಿ: ಗಂಟೆಗೆ 900 ಮೆಗಾಬೈಟ್, ದಿನಕ್ಕೆ ಸುಮಾರು 21 ಗಿಗಾಬೈಟ್. ಮಾಮೂಲಿ ದಿನಕ್ಕೆ ಬೇಕಾದಷ್ಟಾಯಿತು. ಆದರೆ ಏನೋ ಕೆಟ್ಟಾಗ ಅಪ್ಲಿಕೇಷನ್ ಸ್ಟ್ಯಾಕ್ ಟ್ರೇಸ್‌ಗಳನ್ನು (ಎರರ್ ಎಲ್ಲಿ ಆಯಿತು ಎಂಬ ಉದ್ದದ ಪಟ್ಟಿ) ಕಕ್ಕಲು ಶುರು ಮಾಡುತ್ತದೆ. ಲಾಗ್ ಹತ್ತು ಪಟ್ಟಾಗುತ್ತದೆ, ಫಾರ್ವರ್ಡರ್ ಮಾತ್ರ ಅದೇ ವೇಗದಲ್ಲಿ ಕಳಿಸುತ್ತಿರುತ್ತದೆ. ಅಂದರೆ ಅಲರ್ಟ್ ತೀರಾ ಬೇಕಾದ ಹೊತ್ತಿನಲ್ಲೇ ಲಾಗ್ ಜಾಸ್ತಿ ತಡವಾಗುತ್ತದೆ. ಎಲ್ಲವೂ ಸರಿ ಇರುವ ದಿನ ಟೆಸ್ಟ್ ಮಾಡಿದರೆ ಇದು ಕಾಣುವುದೇ ಇಲ್ಲ, ಅಲ್ವಾ?

ಪತ್ತೆ ಹಚ್ಚುವುದು ಸುಲಭ. ಫಾರ್ವರ್ಡರ್‌ನ ಸ್ಪ್ಲಂಕ್‌ಡಿ ಲಾಗ್‌ನಲ್ಲಿ ಥ್ರೂಪುಟ್ ತನ್ನ ಗರಿಷ್ಠ ಮಿತಿ ಮುಟ್ಟಿದೆ, ಕಳಿಸುವುದು ನಿಧಾನವಾಗಬಹುದು ಎಂಬ ಸಾಲು ಇರುತ್ತದೆ. ಅದು ಸಿಕ್ಕರೆ ಮಿತಿ ಏರಿಸಿ ಫಾರ್ವರ್ಡರ್ ರೀಸ್ಟಾರ್ಟ್ ಮಾಡಿ. ಸೊನ್ನೆ ಹಾಕಿದರೆ ಮಿತಿಯೇ ಇರುವುದಿಲ್ಲ, ಆದರೆ ನೆಟ್‌ವರ್ಕ್ ಮತ್ತು ಇಂಡೆಕ್ಸರ್ (ಲಾಗ್ ಪಡೆದು ಇಂಡೆಕ್ಸ್‌ಗೆ ಸೇರಿಸುವ ಮಷೀನ್) ಅಷ್ಟು ಹೊರೆ ತಡೆದುಕೊಳ್ಳುತ್ತವಾ ಅಂತ ನೋಡಿಕೊಂಡು ಹಾಕಿ.

ಲಿನಕ್ಸ್‌ನಲ್ಲಿ ಅದಕ್ಕೂ ಮೊದಲೇ ಒಂದು ತಡೆ ಇದೆ. ಈಗಿನ ಸಿಸ್ಟಂಡಿ ಜರ್ನಲ್ (ಸರ್ವೀಸ್‌ಗಳ ಲಾಗ್ ಕೂಡಿಡುವ ಭಾಗ) ಒಂದು ಸರ್ವೀಸ್‌ನಿಂದ 30 ಸೆಕೆಂಡಿಗೆ 10,000 ಸಾಲು ತೆಗೆದುಕೊಳ್ಳುತ್ತದೆ. ಡಿಸ್ಕ್‌ನಲ್ಲಿ ಜಾಗ ಎಷ್ಟು ಖಾಲಿ ಇದೆ ಎಂಬುದರ ಮೇಲೆ ಈ ಅಂಕಿ ಹಿಗ್ಗುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಬಿಸಾಡುತ್ತದೆ. ಆಮೇಲೆ ಇಷ್ಟು ಮೆಸೇಜ್ ಸಪ್ರೆಸ್ ಮಾಡಿದೆ ಅಂತ ಒಂದು ಸಾಲು ಬರೆಯುತ್ತದೆ. ಲಾಗ್ ಮುಂದೆ ಕಳಿಸುವ ಆರ್‌ಸಿಸ್‌ಲಾಗ್ ಜರ್ನಲ್‌ನಿಂದ ಓದುತ್ತಿದ್ದರೆ ಅಲ್ಲಿ ಮತ್ತೊಂದು ಮಿತಿ: 600 ಸೆಕೆಂಡಿಗೆ 20,000 ಸಾಲು. ಹೀಗೆ ಬಿಸಾಡಿದ ಸಾಲು ಮತ್ತೆ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಆ ಸಪ್ರೆಸ್ ಸಾಲಿಗೇ ಒಂದು ಅಲರ್ಟ್ ಇಡಿ.

ತಲುಪಿತಾ ಅಂತ ನೋಡದೆ ಕಳಿಸುವ ಯುಡಿಪಿ ಮೇಲೆ ಸಿಸ್‌ಲಾಗ್ ಕಳಿಸುತ್ತಿದ್ದರೆ ಕಳೆದುಹೋದದ್ದಕ್ಕೆ ಕಳಿಸಿದವರ ಕಡೆ ಗುರುತೇ ಉಳಿಯುವುದಿಲ್ಲ. ಪಡೆಯುವ ಮಷೀನ್‌ನಲ್ಲಿ ನೆಟ್‌ಸ್ಟ್ಯಾಟ್ ಕೊಡುವ ಯುಡಿಪಿ ಅಂಕಿಗಳಲ್ಲಿ ರಿಸೀವ್ ಬಫರ್ ಎರರ್ ಏರುತ್ತಿದೆಯಾ ನೋಡಿ. ಏರುತ್ತಿದ್ದರೆ ಟಿಸಿಪಿಗೆ ಬದಲಾಯಿಸುವುದೇ ಒಳ್ಳೆಯದು.

ಸರ್ಚ್‌ಗೆ ಜಾಗ ಸಿಗದಿದ್ದರೆ

ಲಾಗ್ ಸರಿಯಾದ ಹೊತ್ತಿಗೆ ಬಂದಿದೆ, ಆದರೂ ಟ್ರಿಗರ್ ಆಗಿಲ್ಲ ಅಂದರೆ ಇಲ್ಲಿಗೆ ಬನ್ನಿ. ಈ ಭಾಗವನ್ನು ನಿಧಾನವಾಗಿ ಓದಿ.

ರಿಯಲ್‌ಟೈಮ್ ಸರ್ಚ್ ಮಾಮೂಲಿ ಸರ್ಚ್‌ನ ಹಾಗೆ ಓಡಿ ಮುಗಿಯುವುದಿಲ್ಲ. ಒಮ್ಮೆ ಶುರುವಾದರೆ ಓಡುತ್ತಲೇ ಇರುತ್ತದೆ. ಸ್ಪ್ಲಂಕ್‌ನಲ್ಲಿ ಅಂಥ ಒಂದು ಸರ್ಚ್, ಹುಡುಕಾಟ ನಡೆಸುವ ಮಷೀನ್ ಆದ ಸರ್ಚ್ ಹೆಡ್‌ನಲ್ಲಿ ಒಂದು ಸಿಪಿಯು ಕೋರ್ ಹಿಡಿಯುತ್ತದೆ, ಪ್ರತಿ ಇಂಡೆಕ್ಸರ್‌ನಲ್ಲೂ ಒಂದೊಂದು ಕೋರ್ ಹಿಡಿಯುತ್ತದೆ. ಹತ್ತು ರಿಯಲ್‌ಟೈಮ್ ಅಲರ್ಟ್ ಇಟ್ಟರೆ ಹಗಲೂ ರಾತ್ರಿ ಹತ್ತು ಕೋರ್ ಎಲ್ಲ ಕಡೆ ಅದಕ್ಕೇ ಮೀಸಲು. ಎರರ್ ಒಂದೂ ಬರದಿದ್ದರೂ ಅಷ್ಟೇ. ಸ್ಪ್ಲಂಕ್ ಕ್ಲೌಡ್‌ನಲ್ಲಿ ರಿಯಲ್‌ಟೈಮ್ ಸರ್ಚ್ ಮೊದಲಿಗೆ ಆಫ್ ಆಗಿಯೇ ಇರುತ್ತದೆ.

ಇದರ ಮೇಲೆ ಎರಡು ಮಿತಿ ಬೇರೆ ಬೇರೆ ಕಡೆ ಕೂತಿವೆ. ಒಂದು ಇಡೀ ಸಿಸ್ಟಮ್‌ಗೆ. ಅದರ ಲೆಕ್ಕ: ಒಂದು ಕೋರ್‌ಗೆ 1 ಸರ್ಚ್, ಅದಕ್ಕೆ 6 ಸೇರಿಸಿ. 16 ಕೋರ್‌ನ ಮಷೀನ್ ಆದರೆ 22. ರಿಯಲ್‌ಟೈಮ್ ಮಲ್ಟಿಪ್ಲಯರ್ 1 ಇರುವುದರಿಂದ ರಿಯಲ್‌ಟೈಮ್ ಸರ್ಚ್‌ಗಳಿಗೂ ಅದೇ 22. ಶೆಡ್ಯೂಲ್ ಹಾಕಿ ಓಡುವ ಸರ್ಚ್‌ಗಳಿಗೆ ಒಟ್ಟು ಜಾಗದಲ್ಲಿ ಶೇ. 50 ಮಾತ್ರ, ಅಂದರೆ ಇಲ್ಲಿ 11. ಉಳಿದದ್ದು ಕೂತು ಹುಡುಕುವವರಿಗೆ.

ಇನ್ನೊಂದು ಮಿತಿ ರೋಲ್‌ಗೆ, ಅಂದರೆ ಯೂಸರ್‌ಗೆ ಕೊಟ್ಟ ಅನುಮತಿಗಳ ಗುಂಪಿಗೆ. ರೋಲ್‌ನಲ್ಲಿ ಬೇರೇನೂ ಬರೆಯದಿದ್ದರೆ ಒಬ್ಬ ಯೂಸರ್‌ಗೆ ಒಂದು ಹೊತ್ತಿಗೆ 3 ಮಾಮೂಲಿ ಸರ್ಚ್, 6 ರಿಯಲ್‌ಟೈಮ್ ಸರ್ಚ್. ಅಲರ್ಟ್ ಓಡುವುದು ಅದರ ಮಾಲೀಕರ ಹೆಸರಿನಲ್ಲಿ. ಮಷೀನ್‌ನಲ್ಲಿ ಹದಿನಾರು ಜಾಗ ಖಾಲಿ ಇದ್ದರೂ ಅದೇ ಯೂಸರ್‌ನ ಏಳನೇ ರಿಯಲ್‌ಟೈಮ್ ಅಲರ್ಟ್ ಶುರುವಾಗುವುದಿಲ್ಲ. ಅದೇ ಯೂಸರ್ ಡ್ಯಾಶ್‌ಬೋರ್ಡ್‌ನಲ್ಲಿ ನಾಲ್ಕು ರಿಯಲ್‌ಟೈಮ್ ಪ್ಯಾನೆಲ್ ತೆರೆದು ಹಾಗೇ ಬಿಟ್ಟಿದ್ದರೆ ಅವೂ ಈ ಆರರಲ್ಲೇ ಲೆಕ್ಕ. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಎಂಬ ದೂರು ಬಂದರೆ ನಾನು ಮೊದಲು ಕೇಳುವುದು ಗೋಡೆಯ ಮೇಲಿನ ಟಿವಿಯಲ್ಲಿ ಓಡುತ್ತಿರುವ ಡ್ಯಾಶ್‌ಬೋರ್ಡ್ ಯಾರ ಲಾಗಿನ್‌ನದು ಅಂತ.

ನೋಡುವುದು ಹೀಗೆ. ಸ್ಪ್ಲಂಕ್ ತನ್ನದೇ ಲಾಗ್ ಇಡುವ ಇಂಟರ್ನಲ್ ಇಂಡೆಕ್ಸ್‌ನಲ್ಲಿ ಸೋರ್ಸ್‌ಟೈಪ್ ಶೆಡ್ಯೂಲರ್, ಸ್ಟೇಟಸ್ ಸ್ಕಿಪ್ಡ್ (ಓಡದೆ ಬಿಟ್ಟದ್ದು) ಎಂದು ಹುಡುಕಿ. ಸೇವ್ಡ್ ಸರ್ಚ್ ಹೆಸರು ಮತ್ತು ರೀಸನ್ ಫೀಲ್ಡ್ ಮೇಲೆ ಎಣಿಸಿ. ಯಾವ ಅಲರ್ಟ್ ಯಾವ ಕಾರಣಕ್ಕೆ ಎಷ್ಟು ಸಲ ತಪ್ಪಿದೆ ಅಂತ ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಒಂದೇ ಹೊತ್ತಿಗೆ ಓಡುವ ಸರ್ಚ್‌ಗಳ ಗರಿಷ್ಠ ಸಂಖ್ಯೆ ಮುಟ್ಟಿದೆ ಎಂಬ ಕಾರಣ ಕಂಡರೆ ಮಿತಿ ಸಿಕ್ಕಿತು. ಮಾನಿಟರಿಂಗ್ ಕನ್ಸೋಲ್‌ನ ಶೆಡ್ಯೂಲರ್ ಆಕ್ಟಿವಿಟಿ ಪುಟದಲ್ಲಿ ಇದೇ ಮಾಹಿತಿ ಚಿತ್ರವಾಗಿ ಇದೆ. ಸಮಯದ ಮೇಲೆ ಗ್ರಾಫ್ ಹಾಕಿದರೆ ಸ್ಕಿಪ್‌ಗಳು ಗಂಟೆಯ ಮೊದಲ ನಿಮಿಷಕ್ಕೇ ಗುಂಪಾಗಿ ಬೀಳುತ್ತಿರುವುದು ಕಾಣಬಹುದು. ಎಲ್ಲರೂ ಸೊನ್ನೆ ನಿಮಿಷಕ್ಕೇ ಕ್ರಾನ್ (ಓಡುವ ಸಮಯದ ಪಟ್ಟಿ) ಹಾಕಿದ್ದರ ಫಲ. ಅದಕ್ಕೆ ಹಾರ್ಡ್‌ವೇರ್ ಬೇಡ, ಶೆಡ್ಯೂಲ್‌ಗಳನ್ನು ಬೇರೆ ಬೇರೆ ನಿಮಿಷಗಳಿಗೆ ಹಂಚಿದರೆ ಸಾಕು.

ಇನ್ನೊಂದು ಮಿತಿ ಈ ಪಟ್ಟಿಯಲ್ಲೂ ಕಾಣುವುದಿಲ್ಲ. ತಲೆ ಕೆಡಿಸುವುದು ಇದೇ. ಪ್ರತಿ ರಿಯಲ್‌ಟೈಮ್ ಸರ್ಚ್‌ಗೆ ಸಾಲುಗಳು ಕಾಯುವ ಒಂದು ಕ್ಯೂ ಇದೆ, ಅದರ ಗಾತ್ರ 10,000 ಸಾಲು. ಸಾಲುಗಳು ಸರ್ಚ್ ಓದುವ ವೇಗಕ್ಕಿಂತ ಜೋರಾಗಿ ಬಂದರೆ ಕ್ಯೂ ತುಂಬುತ್ತದೆ. ತುಂಬಿತು ಅಂತ ಇಂಡೆಕ್ಸರ್ ಕಾಯುವುದಿಲ್ಲ. ಬ್ಲಾಕಿಂಗ್ ಎಂಬ ಸೆಟ್ಟಿಂಗ್ ಮೊದಲಿನಿಂದ ಆಫ್ ಇರುತ್ತದೆ, ಆನ್ ಮಾಡುವುದೂ ಬೇಡ. ಮಾಡಿದರೆ ಒಂದು ಅಲರ್ಟ್‌ಗೋಸ್ಕರ ಎಲ್ಲರ ಲಾಗ್ ನಿಲ್ಲುತ್ತದೆ. ಕ್ಯೂನಲ್ಲಿ ಜಾಗ ಸಿಗದ ಸಾಲು ಡಿಸ್ಕ್‌ಗೆ ಸರಿಯಾಗಿಯೇ ಸೇರುತ್ತದೆ, ಆ ರಿಯಲ್‌ಟೈಮ್ ಸರ್ಚ್‌ಗೆ ಮಾತ್ರ ಕಾಣುವುದಿಲ್ಲ. ಆಮೇಲೆ ನೀವು ಹುಡುಕಿದಾಗ ಸಿಗುತ್ತದೆ! ಇದೇ ಕಾರಣ ಅನ್ನಿಸಿದರೆ ಇಂಡೆಕ್ಸ್ಡ್ ರಿಯಲ್‌ಟೈಮ್ ಎಂಬ ಬಗೆಗೆ ಬದಲಾಯಿಸಿ ನೋಡಿ. ಅದು ಕ್ಯೂ ಬಿಟ್ಟು ಇಂಡೆಕ್ಸ್‌ಗೆ ಸೇರಿದ ಮೇಲೆ ಓದುತ್ತದೆ. ಡಿಸ್ಕ್‌ಗೆ ಬರೆಯಲು 60 ಸೆಕೆಂಡ್ ಬಿಟ್ಟುಕೊಡುತ್ತದೆ. ಒಂದು ನಿಮಿಷ ತಡ, ಆದರೆ ಸಾಲು ತಪ್ಪುವ ಭಯ ಕಡಿಮೆ, ಇಂಡೆಕ್ಸರ್ ಮೇಲಿನ ಹೊರೆಯೂ ಕಡಿಮೆ.

ಕಿಬಾನಾದಲ್ಲಿ ರೂಲ್‌ಗಳು ಟಾಸ್ಕ್ ಮ್ಯಾನೇಜರ್ ಮೂಲಕ ಓಡುತ್ತವೆ. ಒಂದು ಕಿಬಾನಾ ಒಂದು ಹೊತ್ತಿಗೆ 10 ಟಾಸ್ಕ್ ಹಿಡಿಯುತ್ತದೆ. ನಿಧಾನದ ಹತ್ತು ರೂಲ್ ಸೇರಿದರೆ ಉಳಿದವು ಸಾಲಿನಲ್ಲಿ ನಿಲ್ಲುತ್ತವೆ. ನಿಮಿಷಕ್ಕೊಮ್ಮೆ ಅಂತ ಬರೆದ ರೂಲ್ ನಿಜವಾಗಿ ಎಷ್ಟು ಹೊತ್ತಿಗೊಮ್ಮೆ ಓಡಿದೆ ಎಂದು ಅದರ ಎಕ್ಸಿಕ್ಯೂಷನ್ ಹಿಸ್ಟರಿಯಲ್ಲಿ ನೋಡಿ.

ಮಿತಿಗೆ ಸೇರದ, ಆದರೆ ಇದೇ ಲಕ್ಷಣ ತೋರಿಸುವ ಎರಡು ಸಂಗತಿ ಇವೆ. ಅಲರ್ಟ್ ಮಾಡಿದವರ ಅಕೌಂಟ್ ತೆಗೆದುಹಾಕಿದ್ದರೆ ಆ ಸರ್ಚ್ ಅನಾಥವಾಗುತ್ತದೆ, ಓಡುವುದಿಲ್ಲ. ಹಾಗೆಯೇ ಸ್ಪ್ಲಂಕ್‌ನ 60 ದಿನದ ಟ್ರಯಲ್ ಮುಗಿದು ಫ್ರೀ ಲೈಸೆನ್ಸ್‌ಗೆ ಬಂದಿದ್ದರೆ ಅಲರ್ಟ್ ಸೌಲಭ್ಯವೇ ಇರುವುದಿಲ್ಲ.

ಟ್ರಿಗರ್ ಆಗಿದೆ, ಆದರೆ ತಡೆಹಿಡಿದಿದೆ

ಒಂದು ಮೆಸೇಜ್ ಹೋದ ಮೇಲೆ ಸ್ವಲ್ಪ ಹೊತ್ತು ಅಲರ್ಟ್ ತಡೆಯುವ ಥ್ರಾಟಲ್ ಎಂಬುದನ್ನು ಯಾರೋ ಕಾಟ ತಡೆಯಲಾರದೆ ಒಂದು ದಿನ ಆನ್ ಮಾಡಿರುತ್ತಾರೆ. ಆಮೇಲೆ ಮರೆತಿರುತ್ತಾರೆ. ಡಿಸ್ಕ್ ತುಂಬಿದೆ ಎಂಬ ಅಲರ್ಟ್‌ಗೆ 60 ನಿಮಿಷ ಥ್ರಾಟಲ್ ಇದೆ, ಆದರೆ ಯಾವ ಫೀಲ್ಡ್ ಮೇಲೆ ಅಂತ ಬರೆದಿಲ್ಲ ಎಂದುಕೊಳ್ಳಿ. 10:00ಕ್ಕೆ ಮೊದಲ ಸರ್ವರ್‌ನ ಡಿಸ್ಕ್ ತುಂಬಿತು, ಮೆಸೇಜ್ ಬಂತು. 10:20ಕ್ಕೆ ಡೇಟಾಬೇಸ್ ಸರ್ವರ್‌ನ ಡಿಸ್ಕ್ ತುಂಬಿತು. ಮೆಸೇಜ್ ಇಲ್ಲ, ಯಾಕೆಂದರೆ ಆ ಅಲರ್ಟ್ 11:00ರ ತನಕ ಬಾಯಿ ಮುಚ್ಚಿಕೊಂಡಿದೆ. ಹೋಸ್ಟ್ ಫೀಲ್ಡ್ ಮೇಲೆ ಥ್ರಾಟಲ್ ಹಾಕಿದ್ದರೆ ಎರಡೂ ಬರುತ್ತಿದ್ದವು.

ಎಲಾಸ್ಟ್‌ಅಲರ್ಟ್‌ನಲ್ಲೂ ಇದೇ ಕಥೆ. ಅಲ್ಲಿನ ಥ್ರಾಟಲ್ ಆದ ರಿಅಲರ್ಟ್ ಮೊದಲಿಗೆ 1 ನಿಮಿಷ ಇರುತ್ತದೆ. ಕ್ವೆರಿ ಕೀ (ಯಾವ ಫೀಲ್ಡ್ ಮೇಲೆ ಎಂಬುದು) ಕೊಡದಿದ್ದರೆ ಅದು ಇಡೀ ರೂಲ್‌ಗೆ ಅನ್ವಯಿಸುತ್ತದೆ.

ಅಲರ್ಟ್‌ಮ್ಯಾನೇಜರ್‌ನಲ್ಲಿ ಮೂರು ಅಂಕಿ ನೆನಪಿಟ್ಟುಕೊಳ್ಳಿ. ಹೊಸ ಗುಂಪಿನ ಮೊದಲ ಮೆಸೇಜ್‌ಗೆ 30 ಸೆಕೆಂಡ್ ಕಾಯುತ್ತದೆ. ಅದೇ ಗುಂಪಿಗೆ ಹೊಸ ಅಲರ್ಟ್ ಸೇರಿದರೆ 5 ನಿಮಿಷ ಕಾಯುತ್ತದೆ. ಬಗೆಹರಿಯದ ಅಲರ್ಟ್ ಅನ್ನು 4 ಗಂಟೆಗೊಮ್ಮೆ ನೆನಪಿಸುತ್ತದೆ. ಗುಂಪು ಮಾಡುವ ಲೇಬಲ್ ತೀರಾ ಅಗಲವಾಗಿದ್ದರೆ ಸಂಬಂಧವಿಲ್ಲದ ಅಲರ್ಟ್‌ಗಳೂ ಒಂದೇ ಗುಂಪಿಗೆ ಬಿದ್ದು 5 ನಿಮಿಷ ಕಾಯುತ್ತವೆ.

ಮೆಸೇಜ್ ಹೊರಗೆ ಹೋಗುವ ದಾರಿ

ಪ್ರತಿ ಸಾಲಿಗೂ ಒಂದು ಅಲರ್ಟ್ ಎಂದು ಇಟ್ಟಿದ್ದರೆ ಸ್ಪ್ಲಂಕ್ ಒಂದು ಓಟಕ್ಕೆ 500 ಅಲರ್ಟ್‌ಗೆ ನಿಲ್ಲಿಸುತ್ತದೆ. ಅಷ್ಟು ಮೆಸೇಜ್ ಯಾರು ಓದುತ್ತಾರೆ ಎಂಬುದು ಬೇರೆ ಮಾತು. ಚಾಟ್ ಆ್ಯಪ್ ಸ್ಲ್ಯಾಕ್‌ಗೆ ಮೆಸೇಜ್ ಕಳಿಸುವ ವೆಬ್‌ಹುಕ್ ಸುಮಾರು ಸೆಕೆಂಡಿಗೆ ಒಂದು ಮೆಸೇಜ್ ತೆಗೆದುಕೊಳ್ಳುತ್ತದೆ. ಜಾಸ್ತಿ ಕಳಿಸಿದರೆ 429, ಅಂದರೆ ತೀರಾ ಜಾಸ್ತಿಯಾಯಿತು ಎಂಬ ಉತ್ತರ ಕೊಡುತ್ತದೆ. ನಿಮ್ಮ ಸ್ಕ್ರಿಪ್ಟ್ ಆ 429 ನೋಡಿ ಕಾದು ಮತ್ತೆ ಕಳಿಸುತ್ತದಾ, ಇಲ್ಲಾ ಸುಮ್ನೆ ಬಿಟ್ಟುಬಿಡುತ್ತದಾ ಅಂತ ನೋಡಿ. ಕೈಯಿಂದ ಬರೆದ ಸ್ಕ್ರಿಪ್ಟ್‌ಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಈಮೇಲ್ ಆದರೆ ಮೇಲ್ ಸರ್ವರ್‌ನ ಕ್ಯೂ ನೋಡಿ. ಮೂರನೇ ಮತ್ತು ನಾಲ್ಕನೇ ಸಮಯದ ನಡುವಿನ ಅಂತರ ಅಲ್ಲೇ ಕೂತಿರುತ್ತದೆ.

ಇಲ್ಲಿ ಮಿತಿ ಏರಿಸಲು ಹೋಗಬೇಡಿ. ಒಂದೇ ಬಗೆಯ ಎರರ್‌ಗಳನ್ನು ಹೋಸ್ಟ್ ಪ್ರಕಾರ ಗುಂಪು ಮಾಡಿ, ಎಣಿಕೆ ಸೇರಿಸಿ, ಒಂದೇ ಮೆಸೇಜ್ ಕಳಿಸಿ.

ಮಿತಿ ಏರಿಸಬೇಕಾ, ರಿಯಲ್‌ಟೈಮ್ ಬಿಡಬೇಕಾ

ಒಂದು ಕೋರ್‌ಗೆ 1 ಸರ್ಚ್ ಎಂಬುದನ್ನು 2 ಮಾಡಿದರೆ ಪಟ್ಟಿಯಲ್ಲಿ ಜಾಗ ಜಾಸ್ತಿಯಾಗುತ್ತದೆ, ಕೋರ್ ಜಾಸ್ತಿಯಾಗುವುದಿಲ್ಲ. ಎಲ್ಲ ಸರ್ಚ್‌ಗಳೂ ನಿಧಾನವಾಗುತ್ತವೆ. ನಿಧಾನವಾದ ಸರ್ಚ್ ಮುಂದಿನ ಓಟದ ಹೊತ್ತಿಗೆ ಮುಗಿದಿರುವುದಿಲ್ಲ, ಆಗ ಅದೇ ಕಾರಣಕ್ಕೆ ಸ್ಕಿಪ್ ಆಗುತ್ತದೆ. ಸಿಪಿಯು ಅರ್ಧಕ್ಕರ್ಧ ಖಾಲಿ ಇದ್ದರೆ ಮಾತ್ರ ಏರಿಸಿ. ರೋಲ್‌ನ ಮಿತಿ ಏರಿಸುವುದು ಅಷ್ಟು ಅಪಾಯವಲ್ಲ, ಆದರೆ ಅದಕ್ಕಿಂತ ಅಲರ್ಟ್‌ಗಳಿಗೆಂದೇ ಒಂದು ಸರ್ವೀಸ್ ಅಕೌಂಟ್ ಮಾಡುವುದು ವಾಸಿ. ಡ್ಯಾಶ್‌ಬೋರ್ಡ್ ಜಗಳ ತಪ್ಪುತ್ತದೆ, ಯಾರೋ ಕೆಲಸ ಬಿಟ್ಟರೆ ಅಲರ್ಟ್ ಅನಾಥವಾಗುವುದೂ ತಪ್ಪುತ್ತದೆ.

ನನ್ನ ಮಟ್ಟಿಗೆ ಹೆಚ್ಚಿನ ರಿಯಲ್‌ಟೈಮ್ ಅಲರ್ಟ್‌ಗಳು ರಿಯಲ್‌ಟೈಮ್ ಆಗಬೇಕಿಲ್ಲ. ಮೆಸೇಜ್ ಬಂದು 30 ಸೆಕೆಂಡಿನಲ್ಲಿ ಯಾರಾದರೂ ಕೀಬೋರ್ಡ್ ಮುಂದೆ ಕೂರುತ್ತಾರಾ? ಇಲ್ಲ ಅಂದರೆ ಐದು ನಿಮಿಷಕ್ಕೊಮ್ಮೆ ಓಡುವ ಸರ್ಚ್ ಸಾಕು. ಓಡಿ ಮುಗಿದ ಮೇಲೆ ಅದು ಕೋರ್ ಬಿಟ್ಟುಕೊಡುತ್ತದೆ. ಒಂದು ಕೋರ್‌ನಲ್ಲಿ ಹಲವು ಅಲರ್ಟ್ ಸರದಿಯಲ್ಲಿ ಓಡಬಹುದು.

ಬದಲಾಯಿಸುವಾಗ ಒಂದು ಎಚ್ಚರಿಕೆ. ಹಿಂದಿನ 5 ನಿಮಿಷ ಎಂದು ಘಟನೆಯ ಸಮಯದ ಮೇಲೆ ಹುಡುಕಿದರೆ ತಡವಾಗಿ ಬಂದ ಸಾಲು ಇಲ್ಲೂ ತಪ್ಪುತ್ತದೆ. ಅದರ ಬದಲು ಇಂಡೆಕ್ಸ್‌ಗೆ ಸೇರಿದ ಸಮಯದ ಮೇಲೆ ಹುಡುಕಿ. ಸ್ಪ್ಲಂಕ್‌ನಲ್ಲಿ ಇಂಡೆಕ್ಸ್ ಅರ್ಲಿಯೆಸ್ಟ್, ಇಂಡೆಕ್ಸ್ ಲೇಟೆಸ್ಟ್ ಎಂಬ ಎರಡು ಮಿತಿ ಕೊಡಬಹುದು. ಅವನ್ನು ಪೂರ್ತಿ ನಿಮಿಷಕ್ಕೆ ಹೊಂದಿಸಿದ ಹಿಂದಿನ 5 ನಿಮಿಷ ಮಾಡಿ. ಘಟನೆಯ ಸಮಯವನ್ನು 24 ಗಂಟೆಯಷ್ಟು ಅಗಲ ಬಿಡಿ. ಆಗ ಎರಡು ಗಂಟೆ ತಡವಾಗಿ ಬಂದ ಸಾಲೂ ಬಂದ ಹೊತ್ತಿಗೇ ಸಿಕ್ಕಿಬೀಳುತ್ತದೆ, ಎರಡು ಸಲ ಎಣಿಕೆಯಾಗುವುದಿಲ್ಲ. ಜೊತೆಗೆ ಈ ಅಲರ್ಟ್‌ಗಳ ಶೆಡ್ಯೂಲ್ ಅನ್ನು ಕಂಟಿನ್ಯೂಯಸ್ ಎಂದು ಇಡಿ. ಹಾಗಿದ್ದರೆ ಜಾಗ ಸಿಗದಾಗ ಒಂದು ಓಟ ತಡವಾಗುತ್ತದೆ, ಬಿಟ್ಟುಹೋಗುವುದಿಲ್ಲ.

ನಿಜವಾಗಿ ರಿಯಲ್‌ಟೈಮ್ ಬೇಕಾದ ಎರಡು ಮೂರು ಅಲರ್ಟ್ ಉಳಿದೇ ಉಳಿಯುತ್ತವೆ. ಅವು ಇರಲಿ, ಈಗ ಅವಕ್ಕೆ ಜಾಗವೂ ಸಿಗುತ್ತದೆ.

ಸರಿಪಡಿಸಿದ ಮೇಲೆ ಪರೀಕ್ಷೆಗೆ ಕ್ವೆರಿ ಓಡಿಸಿ ಸುಮ್ಮನಾಗಬೇಡಿ. ಮೂಲ ಸರ್ವರ್‌ನಲ್ಲೇ ಲಾಗರ್ ಕಮಾಂಡ್‌ನಿಂದ ಗುರುತಿನ ಪದ ಇರುವ ಒಂದು ಸಾಲು ಬರೆಯಿರಿ. ಅದಕ್ಕೊಂದು ಅಲರ್ಟ್ ಇಡಿ, ಕ್ರಾನ್‌ನಲ್ಲಿ ಗಂಟೆಗೊಮ್ಮೆ ಬರೆಸಿ. ಆ ಸಾಲಿಗೂ ಅದೇ ನಾಲ್ಕು ಸಮಯ ದಾಖಲಾಗಲಿ. ಮೆಸೇಜ್ ಬರದಿದ್ದರೆ ಹೇಳಲು ಲಾಗ್ ಸಾಫ್ಟ್‌ವೇರ್‌ನಿಂದ ಹೊರಗಿರುವ ಬೇರೊಂದು ವ್ಯವಸ್ಥೆ ಇರಬೇಕು, ಯಾಕೆಂದರೆ ನಿಂತುಹೋದ ಶೆಡ್ಯೂಲರ್ ತಾನು ನಿಂತಿದ್ದೇನೆ ಅಂತ ಅಲರ್ಟ್ ಕಳಿಸಲಾರದು. ಲಾಗ್ ಜೋರಾಗಿ ಬರುವ ಹೊತ್ತಿನಲ್ಲಿ ಆ ಸಾಲಿನ ಎರಡನೇ ಸಮಯ ಹಿಂದೆ ಬೀಳತೊಡಗಿದರೆ ಮೊದಲು ಫಾರ್ವರ್ಡರ್‌ನ ಆ 256 ನೋಡಿ.